ಸೌದೆ ಒಡೆಯೋ ಮಷಿನ್ನಿಗೊಂದು ಮೇಜು

ಅಮ್ಮನ ಎಡಗೈ ಉಂಗುರ ಬೆರಳಿನ ಉಗುರು ಈಗ ಪೂರ್ತಿ ಬೆಳೆದಿದೆ. ಸ್ವಲ್ಪ ಸೊಟ್ಟಗೆ, ಮೇಲೊಂದು ಗೆರೆ ಎಳೆದ ಹಾಗೆ ಬಂದಿದೆ. ಆರು ತಿಂಗಳು ಹಿಡಿಯಿತು.

ಸೌದೆ ಮಷಿನ್ನಿಗೆ ಮೇಜು ಮಾಡಿದ್ದೀರಂತಲ್ಲ, ಅಳತೆ ಕಳಿಸಿ ಅಂತ ಊರಿನವರು, ನೆಂಟರು ಸುಮಾರು ಜನ ಕೇಳಿದರು. ಒಂದಿಬ್ಬರಿಗೆ ಫೋಟೋ ಕಳಿಸಿದೆವು. ಆಮೇಲೆ ಅನ್ನಿಸಿತು, ಬರೀ ಅಳತೆ ಕೊಟ್ಟರೆ ನಾವು ಮಾಡಿದ ತಪ್ಪನ್ನೇ ಅವರೂ ಮಾಡುತ್ತಾರೆ ಅಂತ. ನಮ್ಮ ಮೊದಲ ಮೇಜೂ ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ಅದಕ್ಕೇ ಇದನ್ನು ಉಗುರಿನಿಂದ ಶುರು ಮಾಡಿದ್ದೇವೆ.

ನಾವು ಅಂದರೆ ಅಣ್ಣ ತಮ್ಮ ಇಬ್ಬರು. ಮನೆ ಶಿರಸಿ ಸೀಮೆಯಲ್ಲಿ. ಈ ಕಡೆಯವರಿಗೆ ಸೌದೆಯ ಬಗ್ಗೆ ಹೇಳಬೇಕಾಗಿಲ್ಲ. ಬಯಲುಸೀಮೆಯಲ್ಲಿ ಓದುತ್ತಿರುವವರಿಗೆ ಮಾತ್ರ ಒಂದು ಮಾತು. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ನಮ್ಮಲ್ಲಿ ಬಚ್ಚಲ ಹಂಡೆಗೆ ಬೆಂಕಿ ತಪ್ಪಿಲ್ಲ. ಮಳೆಗಾಲದಲ್ಲಂತೂ ಆ ಒಲೆ ಇಡೀ ದಿನ ಆರುವುದಿಲ್ಲ, ಒದ್ದೆ ಬಟ್ಟೆ ಒಣಗುವುದೂ ಅದರ ಮೇಲೆಯೇ. ಅಡಿಕೆ ಕೊಯ್ಲು ಶುರುವಾದರೆ ಹಸಿ ಅಡಿಕೆ ಸುಲಿದು ಬೇಯಿಸಬೇಕು, ಅದಕ್ಕೆ ದೊಡ್ಡ ಒಲೆ, ದೊಡ್ಡ ಸೌದೆ. ಬಿಸಿಲು ಕೈಕೊಟ್ಟ ವರ್ಷ ಅಡಿಕೆ ಒಣಗಿಸುವುದಕ್ಕೂ ಬೆಂಕಿಯೇ ಗತಿ. ಇಷ್ಟೆಲ್ಲಕ್ಕೂ ಬೇಕಾದ ಸೌದೆ ಬೇಸಿಗೆಯಲ್ಲೇ ಒಡೆದು, ಒಣಗಿಸಿ, ಜೂನ್ ಮಳೆ ಹಿಡಿಯುವುದರೊಳಗೆ ಕೊಟ್ಟಿಗೆಯಲ್ಲಿ ಒಟ್ಟಿಡಬೇಕು.

ಅಪ್ಪಯ್ಯ ಇದ್ದಾಗ ಕೊಡಲಿಯಲ್ಲೇ ಒಡೆಯುತ್ತಿದ್ದರು. ನಾವು ಒಂದು ಬೇಸಿಗೆ ಪ್ರಯತ್ನ ಮಾಡಿದೆವು. ಅಕೇಶಿಯಾ ಪರವಾಗಿಲ್ಲ, ಹಸಿ ಇರುವಾಗ ಒಡೆದರೆ ನೇರ ಸೀಳುತ್ತದೆ. ಮಾವಿನ ಗಂಟು ಮಾತ್ರ ಕೊಡಲಿಯನ್ನು ಕಚ್ಚಿ ಹಿಡಿದುಕೊಂಡು ಬಿಡುವುದೇ ಇಲ್ಲ. ಒಡೆಯುವ ಆಳು ಸಿಗುವುದೂ ಕಷ್ಟವಾಯಿತು. ಎರಡು ವರ್ಷದ ಹಿಂದೆ ಟ್ರ್ಯಾಕ್ಟರಿಗೆ ಜೋಡಿಸುವ ಹಳೆಯ ಮಷಿನ್ನೊಂದನ್ನು ಕೊಂಡೆವು.

ಮಷಿನ್ನು ಸರಳ. ಒಂದು ಕಬ್ಬಿಣದ ತೊಲೆ, ಅದರ ಮೇಲೆ ಮಲಗಿಸಿದ ಸಿಲಿಂಡರ್, ಸಿಲಿಂಡರಿನ ತುದಿಗೆ ಬೆಣೆ, ತೊಲೆಯ ಕೊನೆಯಲ್ಲಿ ಅಲುಗಾಡದ ದಪ್ಪ ಪ್ಲೇಟು. ಕೊರಡನ್ನು ತೊಲೆಯ ಮೇಲೆ ಮಲಗಿಸಿ ಲಿವರ್ ತಳ್ಳಿದರೆ ಟ್ರ್ಯಾಕ್ಟರಿನ ಎಣ್ಣೆ ಒತ್ತಡಕ್ಕೆ ಬೆಣೆ ಮುಂದೆ ಬಂದು ಕೊರಡನ್ನು ಪ್ಲೇಟಿಗೆ ಒತ್ತಿ ಸೀಳುತ್ತದೆ. ನಮ್ಮ ಸಿಲಿಂಡರಿನ ಒಳ ಅಡ್ಡಳತೆ 10 ಸೆಂ.ಮೀ. ಅಂದರೆ ಒಳಗಿನ ಮುಖ 78 ಚದರ ಸೆಂ.ಮೀ. ಚದರ ಸೆಂ.ಮೀ.ಗೆ 150 ಕೆ.ಜಿ. ಒತ್ತಡ ಸಿಕ್ಕಿದರೆ ಬೆಣೆಯ ಹಿಂದೆ ಬೀಳುವ ಬಲ ಹತ್ತಿರ ಹತ್ತಿರ 12 ಟನ್. ಈ ಲೆಕ್ಕವನ್ನು ಮಷಿನ್ ತಂದ ದಿನ ಜಗಲಿಯಲ್ಲಿ ಕೂತು ಎಲ್ಲರಿಗೂ ಹೇಳಿದ್ದೆವು. ಒಂದು ಸಲ ಬೆಣೆ ಪೂರ್ತಿ ಮುಂದೆ ಹೋಗಲು 14 ಸೆಕೆಂಡ್ ಅಂತಲೂ ಮೊಬೈಲ್ ಹಿಡಿದು ಅಳೆದಿದ್ದೆವು.

ಅಳೆಯದೆ ಬಿಟ್ಟದ್ದು ಬಗ್ಗುವುದನ್ನು.

ಒಂದು ಅಡಿ ದಪ್ಪ, ಒಂದೂವರೆ ಅಡಿ ಉದ್ದದ ಹಸಿ ಕೊರಡು ಸುಮಾರು 25ರಿಂದ 30 ಕೆ.ಜಿ. ತೂಗುತ್ತದೆ. ಹಂಡೆ ಒಲೆಗೆ ಅದನ್ನು ಎಂಟು ಸೀಳು ಮಾಡಬೇಕು. ಮೊದಲ ಏಟಿಗೆ ಎರಡು ಹೋಳಾಗಿ ತೊಲೆಯ ಆಚೆಗೊಂದು ಈಚೆಗೊಂದು ದಡ್ ಅಂತ ನೆಲಕ್ಕೆ ಬೀಳುತ್ತವೆ. ಎರಡನ್ನೂ ಎತ್ತಿ ಮತ್ತೆ ಇಡಬೇಕು. ಅವು ನಾಲ್ಕಾಗಿ ಮತ್ತೆ ನೆಲಕ್ಕೆ. ಆ ನಾಲ್ಕನ್ನೂ ಎತ್ತಬೇಕು. ಒಂದು, ಎರಡು, ನಾಲ್ಕು, ಒಟ್ಟು ಏಳು ಸಲ ಬಗ್ಗಿದರೆ ಒಂದು ಕೊರಡು. ಬೆಳಗಿಂದ ಸಂಜೆಗೆ 60 ಕೊರಡು ಒಡೆದರೆ 420 ಸಲ. ಕೊನೆಗೆ ಬಿದ್ದ ಸೀಳುಗಳನ್ನು ಬಾಚಿ ಒಟ್ಟುವುದು ಇದರಲ್ಲಿ ಸೇರಿಲ್ಲ.

ದೊಡ್ಡ ಕೊರಡನ್ನು ಉರುಳಿಸಿ ತರುವುದು ನಮ್ಮ ಕೆಲಸ. ಒಬ್ಬ ಲಿವರ್ ಹಿಡಿದರೆ ಇನ್ನೊಬ್ಬ ಕೊರಡು ತರುತ್ತಿದ್ದ. ಹಾಗಾದರೆ ಬಿದ್ದ ಹೋಳು ಎತ್ತಿ ಇಡುವವರು ಯಾರು? ಅಮ್ಮ. ಯಾರೂ ಹಾಗೆ ಮಾಡು ಅಂತ ಹೇಳಿದ್ದಲ್ಲ. ಮೊದಲ ದಿನ ಚಹಾ ಕೊಡಲು ಬಂದವಳು ಎರಡು ಹೋಳು ಎತ್ತಿಕೊಟ್ಟಳು. ಮಾರನೇ ದಿನದಿಂದ ಅದು ಅವಳ ಕೆಲಸವಾಯಿತು. ಲಿವರ್ ಹಿಡಿದವನು ನಿಂತಲ್ಲೇ ನಿಂತಿರುತ್ತಾನೆ, ಐವತ್ತೆಂಟು ವರ್ಷದ ಅಮ್ಮ ಬಗ್ಗುತ್ತಿರುತ್ತಾಳೆ. ಇಡೀ ಒಂದು ಬೇಸಿಗೆ ನಮಗೆ ಇದು ವಿಚಿತ್ರ ಅಂತ ಕಾಣಲೇ ಇಲ್ಲ.

ಎರಡನೇ ಬೇಸಿಗೆ, ಫೆಬ್ರವರಿ ಕೊನೆ. ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ ಇನ್ನೆರಡು ಮುಗಿಸಿಬಿಡೋಣ ಅಂತ ಹೊರಟಿದ್ದೆವು. ಹಲಸಿನ ಹೋಳು, ಒಂದು ಕಡೆ ಓರೆ. ಅಮ್ಮ ಎತ್ತಿಟ್ಟಳು. ಅದು ಅಲುಗಿತು. ಸರಿ ಮಾಡೋಣ ಅಂತ ಹೋಳಿನ ಕೊನೆಗೆ, ಪ್ಲೇಟಿನ ಕಡೆಗೆ ಕೈ ಹಾಕಿದಳು. ಅಷ್ಟರಲ್ಲಿ ಲಿವರ್ ಮುಂದೆ ಹೋಗಿತ್ತು.

ಲಿವರ್ ಯಾರ ಕೈಯಲ್ಲಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಇಬ್ಬರ ಕೈಯಲ್ಲೂ ಇತ್ತು ಅಂತಲೇ ಇಟ್ಟುಕೊಳ್ಳಿ. ಆ ಜಾಗದಲ್ಲಿ ಹಿಂದಿನ ದಿನ ಇನ್ನೊಬ್ಬನಿದ್ದ, ಅವನೂ ಹಾಗೇ ತಳ್ಳುತ್ತಿದ್ದ.

ಕೂಗಿದ ಕೂಡಲೇ ಲಿವರಿನಿಂದ ಕೈ ತೆಗೆದದ್ದು ನಿಜ. ಬೆಣೆ ನಿಲ್ಲಲಿಲ್ಲ. ಆ ಹಳೆಯ ವಾಲ್ವಿನ ಲಿವರ್ ಒಮ್ಮೆ ಮುಂದೆ ತಳ್ಳಿದರೆ ಅಲ್ಲೇ ಕೂತುಬಿಡುತ್ತಿತ್ತು, ಬಿಟ್ಟರೆ ತಾನಾಗಿ ನಡುವಿಗೆ ಬರುತ್ತಿರಲಿಲ್ಲ. ಹಿಡಿದೇ ಇರುವ ತಾಪತ್ರಯ ಇಲ್ಲ, ಒಳ್ಳೆಯದೇ ಆಯಿತು ಅಂತ ಅದನ್ನು ಅನುಕೂಲ ಎಂದೇ ತಿಳಿದಿದ್ದೆವು. ಅಮ್ಮನೇ ಕೈ ಕಿತ್ತುಕೊಂಡಳು. ಎಕ್ಸ್-ರೇ ತೆಗೆಸಿದಾಗ ಮೂಳೆಗೆ ಏನೂ ಆಗಿರಲಿಲ್ಲ. ಉಗುರು ಹೋಯಿತು, ತುದಿಗೆ ಮೂರು ಹೊಲಿಗೆ ಬಿತ್ತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ನಾವು ಲಿವರ್, ವಾಲ್ವು, ಸ್ಪ್ರಿಂಗು ಅಂತ ಮಾತಾಡುತ್ತಿದ್ದೆವು. ಹಿಂದೆ ಕೂತಿದ್ದ ಅಮ್ಮ, "ಅದೆಲ್ಲ ಆಮೇಲೆ. ಮೊದ್ಲು ಅದು ನೆಲಕ್ಕೆ ಬೀಳದ ಹಾಗೆ ಏನಾದ್ರೂ ಮಾಡ್ರೋ. ಬಗ್ಗಿ ಎದ್ದು ಬಗ್ಗಿ ಎದ್ದು ಕಣ್ಣು ಕತ್ತಲೆ ಬರ್ತದೆ. ಕೈ ಎಲ್ಲಿಟ್ಟೆ ಅಂತ ಗೊತ್ತಾಗೂದಿಲ್ಲ" ಅಂದಳು.

ಮೇಜಿನ ಯೋಚನೆ ಬಂದದ್ದು ಹಾಗೆ. ತೊಲೆಯ ಎರಡೂ ಬದಿಗೆ, ತೊಲೆಯ ಮಟ್ಟಕ್ಕೇ, ಒಂದೊಂದು ಮೇಜು. ಹೋಳು ಬಿದ್ದರೆ ಅದರ ಮೇಲೆ ಬೀಳಬೇಕು, ಅಲ್ಲಿಂದ ಎಳೆದರೆ ಮತ್ತೆ ತೊಲೆಗೆ ಬರಬೇಕು. ನೆಲಕ್ಕೆ ಹೋಗಲೇಬಾರದು.

ಗುಜರಿಯಿಂದ 40 ಎಂ.ಎಂ. ಆ್ಯಂಗಲ್ಲು, 4 ಎಂ.ಎಂ. ಪ್ಲೇಟು ತಂದೆವು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಎರಡು ಮೇಜು. ಹೋಳು ಉರುಳದಿರಲಿ ಅಂತ ಹೊರ ಅಂಚಿಗೆ ಎರಡು ಇಂಚಿನ ಪಟ್ಟಿ ನಿಲ್ಲಿಸಿದೆವು. ಎರಡನ್ನೂ ತೊಲೆಗೆ ಸೇರಿಸಿ ವೆಲ್ಡಿಂಗ್ ಹೊಡೆದೆವು. ವೆಲ್ಡಿಂಗ್ ನಮ್ಮದೇ, ಚಿಕ್ಕ ಮಷಿನ್ನು ಮನೆಯಲ್ಲಿದೆ. ಟ್ರ್ಯಾಕ್ಟರಿಗೆ ಜೋಡಿಸಿದ ಸಾಮಾನಿಗೆ ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿ ವಯರ್ ಬಿಚ್ಚಬೇಕು ಅಂತ ಗೊತ್ತಿತ್ತು, ಬಿಚ್ಚಿದೆವು. ಸಿಲಿಂಡರಿನ ಹೊಳೆಯುವ ರಾಡಿನ ಮೇಲೆ ಒದ್ದೆ ಗೋಣಿ ಹೊದಿಸಬೇಕು ಅಂತ ಹೊಳೆಯಲಿಲ್ಲ. ವೆಲ್ಡಿಂಗ್ ಕಿಡಿ ಹಾರಿ ಆ ರಾಡಿಗೆ ಸಾಸಿವೆಯಷ್ಟು ದಪ್ಪ ಅಂಟಿಕೊಂಡವು. ರಾಡು ಒಳಗೆ ಹೊರಗೆ ಓಡಾಡಿದ ಹಾಗೆ ಅವು ಸಿಲಿಂಡರಿನ ಬಾಯಲ್ಲಿರುವ ಆಯಿಲ್ ಸೀಲನ್ನು ಹರಿದು ಹಾಕಿದವು. ಎರಡನೇ ದಿನಕ್ಕೇ ಎಣ್ಣೆ ತೊಟ್ಟಿಕ್ಕಲು ಶುರು. ಸೀಲು ಬದಲಿಸಿ, ರಾಡನ್ನು ನಯ ಮಾಡಿಸಿಕೊಂಡು ಬರುವುದಕ್ಕೆ ಆದ ಖರ್ಚು ಮೇಜಿನ ಕಬ್ಬಿಣಕ್ಕಿಂತ ಹೆಚ್ಚು. ನೀವು ಏನೇ ಮರೆತರೂ ಗೋಣಿ ಮರೆಯಬೇಡಿ. ಎಣ್ಣೆ ಪೈಪುಗಳಿಗೂ ಅಷ್ಟೇ.

ಇನ್ನೂ ಮಜಾ ಅಂದರೆ, ಕೆಲಸ ಮುಗಿಸಿ ತೋಟದ ಆಚೆ ಬಿದ್ದಿದ್ದ ಮಾವಿನ ಮರದ ಹತ್ತಿರ ಹೋಗಬೇಕು ಅಂತ ಹೊರಟರೆ, ಮಷಿನ್ನು ದಣಪೆಯಲ್ಲಿ ತೂರಲಿಲ್ಲ. ಎರಡೂ ಬದಿಗೆ ಒಂದೂವರೆ ಅಡಿ ರೆಕ್ಕೆ ಬಂದಿತ್ತಲ್ಲ. ದಣಪೆಯ ಕಂಬ ಕಿತ್ತು ದಾಟಿಸಿದೆವು. ಅಮ್ಮ ಮೆಟ್ಟಿಲ ಮೇಲೆ ನಿಂತು ನೋಡಿದಳು, ಏನೂ ಅನ್ನಲಿಲ್ಲ.

ಆ ಮಾವೇ ಹೊರ ಅಂಚಿನ ಪಟ್ಟಿಯ ಕಥೆಯನ್ನೂ ಮುಗಿಸಿತು. ದಪ್ಪ ಕೊರಡು ಸೀಳುವಾಗ ಹೋಳುಗಳು ಹೊರಗೆ ಸರಿಯಬೇಕು, ಸರಿಯಲು ಜಾಗ ಬೇಕು. ನಮ್ಮ ಪಟ್ಟಿ ಅದಕ್ಕೆ ಅಡ್ಡ ನಿಂತಿತು. ಹೋಳು ಬೆಣೆಗೂ ಪಟ್ಟಿಗೂ ನಡುವೆ ಸಿಕ್ಕಿಕೊಂಡಿತು. 12 ಟನ್ ಬಲಕ್ಕೆ ನಮ್ಮ ವೆಲ್ಡಿಂಗ್ ಯಾವ ಲೆಕ್ಕ? ಮೇಜು ಹಪ್ಪಳದ ಹಾಗೆ ಮಡಚಿಕೊಂಡಿತು. ಮುರಿದು ಹಾರದೆ ಬರೀ ಮಡಚಿದ್ದು ನಮ್ಮ ಪುಣ್ಯ. ಅಷ್ಟಕ್ಕೂ ಪಟ್ಟಿಯ ಅಗತ್ಯವೇ ಇರಲಿಲ್ಲ. ಸೀಳಿದ ಹೋಳಿಗೆ ಒಂದು ಮುಖ ಚಪ್ಪಟೆ ಇರುತ್ತದೆ, ಅದು ಉರುಳುವುದಿಲ್ಲ. ಇಷ್ಟು ಸಣ್ಣ ವಿಷಯ ಕಬ್ಬಿಣ ಕತ್ತರಿಸುವ ಮುಂಚೆ ಯಾಕೆ ಹೊಳೆಯಲಿಲ್ಲವೋ!

ಎರಡನೇ ಮೇಜು ಬೇರೆ ಥರ. ತೊಲೆಗೆ 50 ಎಂ.ಎಂ. ಚೌಕ ಪೈಪಿನ ತುಂಡುಗಳನ್ನು ಮಾತ್ರ ಬೆಸೆದೆವು, ಬದಿಗೆ ಎರಡೆರಡು. ಮೇಜಿನ ಕೆಳಗೆ 40 ಎಂ.ಎಂ. ಚೌಕ ಪೈಪು. ಇದು ಅದರೊಳಗೆ ತೂರುತ್ತದೆ, ಅಡ್ಡ ಪಿನ್ನು ಹಾಕಿದರೆ ಮುಗಿಯಿತು. ದೊಡ್ಡ ಪೈಪಿನ ದಪ್ಪ 3 ಎಂ.ಎಂ. ಆದ್ದರಿಂದ ಒಳಗೆ 44 ಸಿಗುತ್ತದೆ, ಸ್ವಲ್ಪ ಲೊಡಲೊಡ ಅನ್ನುತ್ತದೆ. ಕೆಳಗಿಂದ ಒಂದು ನಟ್ಟು ಬೆಸೆದು ಬೋಲ್ಟು ಬಿಗಿದೆವು. ಒಂದೊಂದು ಮೇಜನ್ನು ಅಮ್ಮನೂ ಕಳಚಬಹುದು. ದಣಪೆ ಉಳಿಯಿತು.

ಮೇಲಿನ ಪ್ಲೇಟನ್ನೂ ತೆಗೆದೆವು. ಪ್ಲೇಟಿನ ಮೇಲೆ ತೊಗಟೆ, ಚಕ್ಕೆ ರಾಶಿ ಬಿದ್ದು ಹೋಳು ಅಡ್ಡಾದಿಡ್ಡಿ ಕೂರುತ್ತಿತ್ತು. ಒಂದು ದಿನ ಅಡ್ಡ ಮಳೆ ಬಂದಾಗ ಹಸಿ ತೊಗಟೆ ಸೇರಿ ಪಾಚಿಯ ಹಾಗೆ ಜಾರಿತು. ಈಗ ಒಂದು ಇಂಚು ಸಂದಿ ಬಿಟ್ಟು ಚೌಕ ಸರಳು ಜೋಡಿಸಿದ್ದೇವೆ, ಕಸ ಕೆಳಗೆ ಉದುರುತ್ತದೆ. ಸರಳುಗಳು ತೊಲೆಗೆ ಅಡ್ಡ ಇರಬೇಕು, ಎಳೆಯುವ ದಿಕ್ಕಿಗೇ ಇರಬೇಕು. ಆಗ ಹೋಳು ಹಳಿಯ ಮೇಲೆ ಬಂದ ಹಾಗೆ ಬರುತ್ತದೆ. ಮೇಜು ತೊಲೆಗಿಂತ ಅರ್ಧ ಇಂಚು ಕೆಳಗಿರಲಿ, ಮೇಲಿದ್ದರೆ ಸರಿಯುವ ಹೋಳು ಅಂಚಿಗೆ ತಗಲುತ್ತದೆ. ಕೊನೆಯ ಪ್ಲೇಟಿನ ಹತ್ತಿರ ನಾಲ್ಕು ಇಂಚು ಮೇಜೇ ಇಲ್ಲ, ಬೇಕೆಂದೇ ಖಾಲಿ ಬಿಟ್ಟದ್ದು. ಅಲ್ಲಿ ಕೈ ಊರುವುದಕ್ಕೆ ಏನೂ ಇರಬಾರದು.

ಕಬ್ಬಿಣದ ಕೆಲಸ ಇಷ್ಟೇ. ನಮ್ಮನ್ನು ಹೆಚ್ಚು ಕಾಡಿದ್ದು ಎತ್ತರ.

ಮೊದಲು ತೊಲೆ ಮಂಡಿಗಿಂತ ಸ್ವಲ್ಪ ಮೇಲೆ ಇರುತ್ತಿತ್ತು. ಮೇಜು ಮಾಡುವಾಗ ಅದನ್ನೂ ಎತ್ತರಿಸೋಣ ಅಂತ ಕೆಳಗೆ ನಾಲ್ಕು ಕಾಲು ಕೊಟ್ಟೆವು. ಲಿಫ್ಟಿನಲ್ಲಿ ಎತ್ತಿ, ಕಾಲು ಇಳಿಸಿ ಪಿನ್ನು ಹಾಕಿ, ಭಾರ ಪೂರ್ತಿ ಕಾಲಿನ ಮೇಲೆ ಬಿಡುವುದು. ಬರೀ ಟ್ರ್ಯಾಕ್ಟರ್ ಲಿಫ್ಟನ್ನು ನಂಬಿ ಪಕ್ಕದಲ್ಲಿ ಕೆಲಸ ಮಾಡಬಾರದು, ಅದು ನಿಧಾನ ಇಳಿಯುತ್ತದೆ. ನಾವಿಬ್ಬರೂ ತೊಲೆಯ ಪಕ್ಕ ನಿಂತು, ಕೈ ಆಡಿಸಿ, 34 ಇಂಚು ಸರಿ ಅಂತ ತೀರ್ಮಾನ ಮಾಡಿದೆವು. ಬಹಳ ಆರಾಮ ಇತ್ತು. ಅಮ್ಮನ ಬೆರಳು ಕಟ್ಟು ಬಿಚ್ಚಿದ ಮೇಲೆ ಒಂದು ದಿನ ಬಂದು ನಿಂತಳು. ಅವಳಿಗೆ ಹೋಳನ್ನು ಎಳೆದು ತಿರುಗಿಸಬೇಕಾದರೆ ಭುಜ ಮೇಲೆತ್ತಬೇಕಾಗಿತ್ತು. ಎರಡು ಹೋಳು ತಿರುಗಿಸಿ, "ಇದೂ ನಿಮ್ಮ ಅಪ್ಪಯ್ಯನ ಅಡುಗೆ ಕಟ್ಟೆ ಹಾಗೇ ಆಯ್ತು" ಅಂದಳು.

ನಮಗೆ ಅರ್ಥ ಆಗಲಿಲ್ಲ. ಒಳಗೆ ಕರೆದು ತೋರಿಸಿದಳು. ಅಡುಗೆ ಕಟ್ಟೆ ಕಟ್ಟಿಸಿದ್ದು ನಾವು ಶಾಲೆಗೆ ಹೋಗುತ್ತಿದ್ದಾಗ. ಎತ್ತರ ಎಷ್ಟು ಅಂತ ಮೇಸ್ತ್ರಿ ಕೇಳಿದ್ದಕ್ಕೆ ಅಪ್ಪಯ್ಯ ಗೋಡೆಗೆ ನಿಂತು ತೋರಿಸಿದರಂತೆ. ಅಮ್ಮನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಒಲೆಯ ಮುಂದೆ ಒಂದು ಮಣೆ ಯಾವಾಗಲೂ ಬಿದ್ದಿರುತ್ತದೆ. ನಾವು ಅದನ್ನು ಎಷ್ಟು ಸಲ ಎಡವಿದ್ದೇವೋ, ಎಷ್ಟು ಸಲ ಪಕ್ಕಕ್ಕೆ ಒದ್ದಿದ್ದೇವೋ! ಅದು ಅವಳು ಹತ್ತಿ ನಿಂತು ಸಾರು ಕುದಿಸುವ ಮಣೆ ಅಂತ ಈ ವಯಸ್ಸಿನಲ್ಲಿ ಗೊತ್ತಾಯಿತು.

ಹೊರಗೆ ಬಂದು ಅವಳನ್ನೇ ನಿಲ್ಲಿಸಿ ಅಳೆದೆವು. ಭುಜ ಸಡಿಲ ಬಿಟ್ಟು ಮೊಣಕೈ ಮಡಚಿದರೆ ಮೊಣಕೈ ನೆಲದಿಂದ 36 ಇಂಚು. ಭಾರದ ಕೆಲಸಕ್ಕೆ ಮೇಜು ಅದಕ್ಕಿಂತ ಒಂದು ಗೇಣು ಕೆಳಗಿರಬೇಕು, ಅವರವರ ಗೇಣು. ಅಮ್ಮನದು 8 ಇಂಚು. 28 ಇಂಚಿಗೆ ಕಾಲು ಕತ್ತರಿಸಿದೆವು. ನಮಗೆ ಸ್ವಲ್ಪ ಬಗ್ಗಬೇಕಾಗುತ್ತದೆ, ಬಗ್ಗುತ್ತೇವೆ. ದೊಡ್ಡ ಕೊರಡನ್ನು ಮೊದಲ ಸಲ ಮೇಲೇರಿಸುವ ಕೆಲಸ ಮಾತ್ರ ಈಗಲೂ ನಮ್ಮದೇ. ದಪ್ಪ ಹಲಗೆಯನ್ನು ಓರೆ ಇಟ್ಟು ಉರುಳಿಸುತ್ತೇವೆ. ಒಮ್ಮೆ ಮೇಲೆ ಬಂದ ಕೊರಡು ಎಂಟು ಸೀಳಾಗುವವರೆಗೆ ಕೆಳಗಿಳಿಯುವುದಿಲ್ಲ.

ವಾಲ್ವನ್ನೂ ಬದಲಿಸಿದೆವು. ಈಗಿನದು ಕೈ ಬಿಟ್ಟ ಕೂಡಲೇ ನಡುವಿಗೆ ಬಂದು ನಿಲ್ಲುತ್ತದೆ. ಹಿಂದೆ ಹೋಗುವಾಗ ಲಿವರ್ ತಾನೇ ಕೂತರೂ ಅಡ್ಡಿಯಿಲ್ಲ, ಮುಂದೆ ಬರುವಾಗ ಕೂರಬಾರದು. ನಿಮ್ಮ ಮಷಿನ್ನನ್ನು ಇವತ್ತೇ ಖಾಲಿ ಓಡಿಸಿ, ಲಿವರ್ ಬಿಟ್ಟು ನೋಡಿ. ಬೆಣೆ ನಿಲ್ಲದಿದ್ದರೆ ಮೇಜಿಗಿಂತ ಮುಂಚೆ ಅದನ್ನು ಸರಿ ಮಾಡಿಸಿ. ಇನ್ನು ಕೆಲವು ಕಡೆ ಗರಗರ ತಿರುಗುವ ಸ್ಕ್ರೂ ಥರದ ಮಷಿನ್ನು ಇದೆ. ಅದಕ್ಕೆ ಸೀರೆಯ ಸೆರಗು, ಲುಂಗಿ, ಕೈಗವಸು ಯಾವುದು ಸಿಕ್ಕರೂ ಸುತ್ತಿಕೊಳ್ಳುತ್ತದೆ. ನಮ್ಮ ಮೇಜಿನ ಮಾತು ಅದಕ್ಕೆ ಅನ್ವಯಿಸುವುದಿಲ್ಲ.

ಕೆಲಸದ ಕ್ರಮವೂ ಬದಲಾಯಿತು. ಮೊದಲು ಒಬ್ಬರು ಇಡುವುದು, ಇನ್ನೊಬ್ಬರು ತಳ್ಳುವುದು ಇತ್ತು. ಇಡುವ ಕೈ ಬೇರೆ, ತಳ್ಳುವ ಕೈ ಬೇರೆ ಆದರೆ ಒಂದು ಇನ್ನೊಂದಕ್ಕೆ ಕಾಯುವುದಿಲ್ಲ. ಈಗ ಹೋಳು ಇಟ್ಟವರೇ ಲಿವರ್ ಹಿಡಿಯಬೇಕು. ಬೇರೆಯವರು ಆಗ ಮೇಜಿನ ಹತ್ತಿರವೂ ಬರುವಂತಿಲ್ಲ. ಹೋಳನ್ನು ಬದಿಯಿಂದ ಹಿಡಿಯಬೇಕು, ಕೊನೆಯಿಂದ ಹಿಡಿಯಬಾರದು. ಇದರಿಂದ ನಿಧಾನವಾಗುತ್ತದೆ ಅಂತ ನಾವೇ ವಾದ ಮಾಡಿದ್ದೆವು. ಮೇಜು ಬಂದ ಮೇಲೆ ನಿಧಾನವಾಗಲಿಲ್ಲ, ಯಾಕೆಂದರೆ ಮುಂದಿನ ಹೋಳು ಕೈಗೆ ಸಿಗುವಲ್ಲೇ ಇರುತ್ತದೆ.

ಹಾಗಾಗಿ ಈ ಬೇಸಿಗೆಯ ಕೊನೆಗೆ ಲಿವರ್ ಹಿಡಿದದ್ದು ಹೆಚ್ಚಾಗಿ ಅಮ್ಮ. ಮೊದಲ ದಿನ ಲಿವರ್ ಮುಟ್ಟಲು ಹಿಂಜರಿದಳು. ಬೆರಳು ಇನ್ನೂ ನೋಯುತ್ತಿತ್ತು ಅಂತ ಕಾಣುತ್ತದೆ. ಅರ್ಧ ತಳ್ಳಿ ಬಿಟ್ಟಳು, ಬೆಣೆ ನಿಂತಿತು. ಮತ್ತೆ ತಳ್ಳಿದಳು, ಬಿಟ್ಟಳು, ನಿಂತಿತು. ಏಳೆಂಟು ಸಲ ಖಾಲಿಯಾಗಿ ಹಾಗೇ ಮಾಡಿ ನೋಡಿದ ಮೇಲೆ ಒಂದು ಸಣ್ಣ ಅಕೇಶಿಯಾ ಹೋಳು ಇಡು ಅಂದಳು. ಆಮೇಲೆ "ಬ್ಯಾಡ, ಇಟ್ಟವ್ರೇ ತಳ್ಳಬೇಕಲ್ಲ" ಅಂತ ತಾನೇ ಇಟ್ಟುಕೊಂಡಳು.

ಮೇ ಕೊನೆಯ ವಾರಕ್ಕೆ ಕೊಟ್ಟಿಗೆ ತುಂಬಿತು. ಮಧ್ಯೆ ಮಧ್ಯೆ ಆ ಮೇಜಿನ ಮೇಲೆ ಗರಗಸದ ಚೈನಿಗೆ ಅರ ಹಾಕಿದ್ದೇವೆ, ಕತ್ತಿ ಮಸೆದಿದ್ದೇವೆ, ಚಹಾದ ತಟ್ಟೆ ಇಟ್ಟಿದ್ದೇವೆ. ಕೇರಿಯ ಇನ್ನೆರಡು ಮನೆಯವರು ಮಷಿನ್ನು ಒಯ್ದರು. ಒಂದು ಮನೆಯಿಂದ ವಾಪಸು ಬರುವಾಗ ನಾಲ್ಕು ಕಾಲಿನ ಕೆಳಗೂ ಕಟ್ಟಿದ ಹಲಗೆ ತುಂಡು ಹಾಗೇ ಇತ್ತು. ಆ ಮನೆಯ ಅಕ್ಕ ಅಮ್ಮನಿಗಿಂತ ಒಂದು ಗೇಣು ಎತ್ತರ. ಕಾಲಿಗೆ ಎರಡೆರಡು ಇಂಚಿಗೆ ತೂತು ಹೊಡೆದು, ಪಿನ್ನು ಬದಲಿಸಿ ಎತ್ತರ ಹೊಂದಿಸುವ ಹಾಗೆ ಮಾಡಬೇಕು ಅಂತಿದ್ದೇವೆ. ಕಾಲು ಕತ್ತರಿಸುವ ಮುಂಚೆಯೇ ಇದು ಹೊಳೆಯಬೇಕಿತ್ತು.

ಅಳತೆ ಕೇಳಿದವರಿಗೆ ಮೇಲೆ ಎಲ್ಲ ಕೊಟ್ಟಿದ್ದೇವೆ, 28 ಇಂಚು ಒಂದನ್ನು ಬಿಟ್ಟು ಉಳಿದದ್ದನ್ನು ಹಾಗೇ ತೆಗೆದುಕೊಳ್ಳಬಹುದು. ಅದೊಂದನ್ನು ನಿಮ್ಮ ಮನೆಯಲ್ಲಿ ಹೋಳು ಎತ್ತುವವರನ್ನು ನಿಲ್ಲಿಸಿ ಅಳೆಯಿರಿ. ಕಬ್ಬಿಣ ಒಟ್ಟು 45 ಕೆ.ಜಿ. ಹತ್ತಿರ ಬೇಕಾಯಿತು.

ಅಡುಗೆ ಕಟ್ಟೆಗೆ ಮೇಸ್ತ್ರಿಯನ್ನು ಕರೆದು ತೋರಿಸಿದ್ದೇವೆ. ಮೇಲಿನ ಕಲ್ಲು ಒಡೆಯದ ಹಾಗೆ ಬಿಚ್ಚಿ ನಾಲ್ಕು ಇಂಚು ಇಳಿಸಬಹುದು ಅಂದರು. ಅಡಿಕೆ ಕೊಯ್ಲು ಶುರುವಾಗುವುದರೊಳಗೆ ಬರುತ್ತೇನೆ ಅಂದಿದ್ದಾರೆ. ಮಣೆ ಸದ್ಯಕ್ಕೆ ಅಲ್ಲೇ ಇದೆ.